ಹೊಲದ ಬದುವಿಗೆ ಬಂದು ನಿಲ್ಲುವ ರಸ್ತೆಗಳು

ಕಲಬುರಗಿಯ ರಿಂಗ್ ರೋಡ್ ದಾಟಿ ಸೇಡಂ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆ, ಹುಮನಾಬಾದ್ ರಸ್ತೆ ಯಾವುದನ್ನು ಹಿಡಿದು ಹೊರಟರೂ ತೊಗರಿ ಹೊಲದ ನಡುವೆ ಹೊಸ ಲೇಔಟಿನ ಕಮಾನು ಕಾಣುತ್ತದೆ. ಒಳಗೆ 40 ಅಡಿಯ ನಡು ರಸ್ತೆ, ಎಡಕ್ಕೂ ಬಲಕ್ಕೂ 30 ಅಡಿಯ ಅಡ್ಡ ರಸ್ತೆಗಳು, ಬದಿಗೆ ಗಟಾರ, ಕರೆಂಟಿನ ಕಂಬ. ನೋಡಲು ಚೊಕ್ಕ. ಅಡ್ಡ ರಸ್ತೆಯೊಂದನ್ನು ಹಿಡಿದು ತುದಿತನಕ ನಡೆಯಿರಿ. ಹೆಚ್ಚಿನ ಕಡೆ ಶಹಾಬಾದ್ ಕಲ್ಲಿನ ಕಾಂಪೌಂಡ್ ಎದುರಾಗುತ್ತದೆ. ಗೋಡೆಯಾಚೆ ಇನ್ನೊಂದು ಲೇಔಟು. ಅಲ್ಲಿನ ಅಡ್ಡ ರಸ್ತೆಯೂ ಆ ಕಡೆಯಿಂದ ಬಂದು ಇದೇ ಗೋಡೆಗೆ ನಿಂತಿರುತ್ತದೆ.

ನಮ್ಮ ಊರಿನ ಟ್ರಾಫಿಕ್ಕು, ಸಿಟಿ ಬಸ್ಸು, ನೀರು, ಗಟಾರ, ಇವೆಲ್ಲದರ ಸಂಕಟದ ದೊಡ್ಡ ಪಾಲು ಈ ಗೋಡೆಯಲ್ಲಿದೆ ಎಂದು ನಾನು ನಂಬುತ್ತೇನೆ. ರಸ್ತೆ ಅಗಲ ಮಾಡಿ, ಫ್ಲೈಓವರ್ ಕಟ್ಟಿ ಎಂದು ಎಲ್ಲರೂ ಕೇಳುತ್ತಾರೆ. ಈ ರಸ್ತೆಯನ್ನು ಆ ರಸ್ತೆಗೆ ಕೂಡಿಸಿ ಎಂದು ಕೇಳುವವರು ಕಡಿಮೆ. ಊರು ಬೆಳೆಯುವಾಗ ಎಷ್ಟು ಉದ್ದದ ರಸ್ತೆ ಹಾಕಿದೆವು ಎಂಬುದಕ್ಕಿಂತ ಆ ರಸ್ತೆಗಳು ಎಷ್ಟು ಕಡೆ ಕೂಡಿದವು ಎಂಬುದು ಮುಖ್ಯ.

ಒಂದು ಲೆಕ್ಕ ಹಾಕೋಣ. ಒಂದು ಎಕರೆ ಅಂದರೆ 40 ಗುಂಟೆ, ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ. 5 ಎಕರೆಯ ಹೊಲ 2,17,800 ಚದರಡಿ. ಅದು ಮುಖ್ಯ ರಸ್ತೆಗೆ 330 ಅಡಿ ಮುಖ ಕೊಟ್ಟು 660 ಅಡಿ ಹಿಂದಕ್ಕೆ ಹೋಗಿದೆ ಎಂದುಕೊಳ್ಳಿ. ಪಕ್ಕದಲ್ಲಿ ಇಷ್ಟೇ ಅಳತೆಯ ಇನ್ನೊಂದು ಹೊಲ. ಎರಡರಲ್ಲೂ ಲೇಔಟ್ ಆಗಿದೆ, ಎರಡಕ್ಕೂ ನಡುವೆ ಒಂದೊಂದು ರಸ್ತೆ, ಎರಡಕ್ಕೂ ಒಂದೇ ಬಾಗಿಲು. ಹಿಂಬದಿಯ ಅಡ್ಡ ರಸ್ತೆಯ ತುದಿಯಲ್ಲಿ ಗೋಡೆಗೆ ಅಂಟಿಕೊಂಡ ಒಂದು ಮನೆ ಇಲ್ಲಿದೆ, ಗೋಡೆಯಾಚೆ ಒಂದು ಮನೆ ಅಲ್ಲಿದೆ. ಎರಡು ಮನೆಗಳ ನಡುವೆ ಇರುವುದು 60 ಅಡಿ. ಇಲ್ಲಿ ಕುಕ್ಕರ್ ಕೂಗಿದರೆ ಅಲ್ಲಿ ಕೇಳಿಸುತ್ತದೆ. ಆದರೆ ನಡೆದು ಹೋಗಬೇಕೆಂದರೆ ನಡು ರಸ್ತೆಗೆ 135 ಅಡಿ, ಅಲ್ಲಿಂದ ಮುಖ್ಯ ರಸ್ತೆಗೆ 600 ಅಡಿ, ಮುಖ್ಯ ರಸ್ತೆಯಲ್ಲಿ 330 ಅಡಿ, ಮತ್ತೆ ಒಳಗೆ 600, ಮತ್ತೆ 135. ಒಟ್ಟು 1,800 ಅಡಿ, ಸುಮಾರು 550 ಮೀಟರ್. ಇರುವ ದೂರದ ಮೂವತ್ತು ಪಟ್ಟು. ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲಿರುವ ಊರಿನಲ್ಲಿ ಅಷ್ಟು ದೂರ ಯಾರೂ ನಡೆಯುವುದಿಲ್ಲ. ಹಾಲಿನ ಪಾಕೀಟಿಗೂ ಬೈಕ್ ಹೊರಡುತ್ತದೆ, ಆ ಬೈಕ್ ಮುಖ್ಯ ರಸ್ತೆಗೇ ಬರುತ್ತದೆ.

ಗೋಡೆ ಇರುವ ಜಾಗದಲ್ಲಿ ದಾರಿ ಬಿಡಲು ಎಷ್ಟು ನೆಲ ಬೇಕು? ಅಡ್ಡ ರಸ್ತೆಯ ತುದಿಗೆ ಅಡ್ಡವಾಗಿ ಕೂರಿಸುವ ಒಂದು 30-40ರ ಪ್ಲಾಟ್, 1,200 ಚದರಡಿ. 5 ಎಕರೆಯಲ್ಲಿ ಅದು ನೂರಕ್ಕೆ 0.55. ಎಡ, ಬಲ, ಹಿಂದೆ ಮೂರೂ ಕಡೆ ದಾರಿ ಬಿಟ್ಟರೂ ನೂರಕ್ಕೆ ಎರಡು ಆಗುವುದಿಲ್ಲ. ರಸ್ತೆ ನೇರ ಬಂದು ಬಾಗಿಲಿಗೆ ಹೊಡೆಯುವ ಪ್ಲಾಟನ್ನು ವಾಸ್ತು ನೋಡುವವರು ಕೊಳ್ಳಲು ಹಿಂಜರಿಯುತ್ತಾರೆ, ಅದಕ್ಕೆ ರೇಟೂ ಕಡಿಮೆ. ಲೇಔಟ್ ಮಾಡುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಹಾಗಿದ್ದರೂ ಹೀಗೆ ಯಾಕಾಗುತ್ತದೆ? ಅಮೆರಿಕದಲ್ಲಿ ತುದಿ ಮುಚ್ಚಿದ ಬೀದಿಗಳನ್ನು ಬೇಕೆಂದೇ ಕಟ್ಟಿದರು. ನ್ಯೂಜೆರ್ಸಿಯ ರ್‍ಯಾಡ್‌ಬರ್ನ್‌ನಲ್ಲಿ 1929ರಲ್ಲಿ ಮಾಡಿದ ಬಡಾವಣೆ ಅದಕ್ಕೆ ಮಾದರಿಯಾಯಿತು. ಅಲ್ಲಿ ಕಾರಿಗೆ ದಾರಿ ಮುಚ್ಚಿದರೂ ಕಾಲ್ನಡಿಗೆಗೆ ಬೇರೆ ದಾರಿ, ನಡುವೆ ತೋಟ ಇಟ್ಟಿದ್ದರು. ಮುಂದೆ ಬಂದ ಸಾವಿರಾರು ಬಡಾವಣೆಗಳು ಮುಚ್ಚಿದ ಬೀದಿಯನ್ನು ತೆಗೆದುಕೊಂಡವು, ಕಾಲುದಾರಿಯನ್ನು ಬಿಟ್ಟವು. ನಮ್ಮಲ್ಲಿ ಹಾಗೆ ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಸರ್ವೆ ನಂಬರಿನ ಬದುವೇ ನಗರದ ನಕ್ಷೆ ಬರೆದುಬಿಡುತ್ತದೆ. ಅಣ್ಣತಮ್ಮಂದಿರ ಹಿಸ್ಸಾ ಆಗಿ ಆಗಿ ಹೊಲಗಳು ಉದ್ದುದ್ದ ಪಟ್ಟಿಗಳಾಗಿವೆ. ಯಾರೋ ನಾಲ್ಕೋ ಐದೋ ಎಕರೆ ತೆಗೆದುಕೊಂಡು ಎನ್‌ಎ, ಅಂದರೆ ಕೃಷಿಯೇತರ ಜಮೀನು, ಮಾಡಿಸುತ್ತಾರೆ. ಅವರ ನಕ್ಷೆ ಅವರ ಪಹಣಿಯ ಗೆರೆಯೊಳಗೇ ಮುಗಿಯುತ್ತದೆ. ಒಳಗಿನ ರಸ್ತೆ ಎಷ್ಟು ಅಗಲ, ಮುಖ್ಯ ರಸ್ತೆಗೆ ದಾರಿ ಇದೆಯೇ, ಪಾರ್ಕು, ಸಿಎ ಸೈಟು (ನಾಗರಿಕ ಸೌಲಭ್ಯದ ಜಾಗ) ಬಿಟ್ಟಿದ್ದಾರೆಯೇ ಎಂದು ನೋಡಿ ಮಂಜೂರು ಮಾಡುತ್ತಾರೆ. ಪಕ್ಕದ ಸರ್ವೆ ನಂಬರಿಗೆ ಯಾವ ರಸ್ತೆ ದಾಟುತ್ತದೆ ಎಂಬ ಪ್ರಶ್ನೆ ಗಟ್ಟಿಯಾಗಿ ಬರುವುದಿಲ್ಲ. ಎರಡು ವರ್ಷ ಬಿಟ್ಟು ಪಕ್ಕದ ಹೊಲಕ್ಕೆ ಬೇರೊಬ್ಬ ಸರ್ವೇಯರ್ ಬರುತ್ತಾನೆ, ಬೇರೆ ಅಳತೆ ಹಿಡಿಯುತ್ತಾನೆ. ಇಬ್ಬರೂ ಒಳ್ಳೆಯ ಮನಸ್ಸಿನಿಂದ ದಾರಿ ಬಿಟ್ಟರೂ ಒಂದರ ರಸ್ತೆಗೆ ಇನ್ನೊಂದರ ರಸ್ತೆ 20 ಅಡಿ ಸರಿದು ನಿಲ್ಲುತ್ತದೆ. ಆಮೇಲೆ ಆ ಮೂಲೆಯಲ್ಲಿ ಮನೆ ಏಳುತ್ತದೆ, ಕಥೆ ಮುಗಿಯಿತು.

ಗುಂಟೆ ಲೆಕ್ಕದಲ್ಲಿ ಮಾರುವ, ಮಂಜೂರಾತಿಯೇ ಇಲ್ಲದ ಪ್ಲಾಟುಗಳದು ಇನ್ನೂ ಕಷ್ಟ. ಅಲ್ಲಿ ರಸ್ತೆಯೇ 15-20 ಅಡಿ, ತಿರುವಿನಲ್ಲಿ ಲಾರಿ ಹೊರಳುವುದಿಲ್ಲ. ಆ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ. ಮಂಜೂರಾತಿ ಇರುವ, ಎಲ್ಲ ಕಾಗದ ಸರಿ ಇರುವ ಲೇಔಟುಗಳಲ್ಲೇ ರಸ್ತೆಗಳು ಕೂಡುತ್ತಿಲ್ಲ ಎಂಬುದೇ ನನ್ನ ಚಿಂತೆ.

ಇದರ ಪರಿಣಾಮ ಮೊದಲು ಕಾಣುವುದು ಮುಖ್ಯ ರಸ್ತೆಯಲ್ಲಿ. ಒಂದು ಕಿಲೋಮೀಟರಿನಲ್ಲಿ ಹತ್ತು ಲೇಔಟಿದ್ದರೆ ಹತ್ತು ಬಾಗಿಲು. ಮಗುವನ್ನು ಶಾಲೆಗೆ ಬಿಡುವವರು, ಗಂಜ್ ಮಾರುಕಟ್ಟೆಗೆ ಹೋಗುವವರು, ಪಕ್ಕದ ಲೇಔಟಿನ ಕಿರಾಣಿಗೆ ಹೋಗುವವರು ಎಲ್ಲರೂ ಬೆಳಿಗ್ಗೆ ಅದೇ ರಸ್ತೆಗೆ ಇಳಿಯಬೇಕು. ದೂರದ ಲಾರಿ, ಬಸ್ಸುಗಳೂ ಅದರಲ್ಲೇ. ನಡುವೆ ಡಿವೈಡರ್ ಹಾಕಿದರೆ ತೆರಪು ಅರ್ಧ ಕಿಲೋಮೀಟರ್ ಆಚೆ. ಒಳಗಿನಿಂದ ಆ ತೆರಪಿನ ತನಕ ಹೋಗಲು ಬೇರೆ ದಾರಿ ಇಲ್ಲದ ಕಾರಣ ಬೈಕಿನವರು ರಾಂಗ್ ಸೈಡಿನಲ್ಲಿ ಬರುತ್ತಾರೆ. ಬೈಕಿನವರಿಗೆ ಶಿಸ್ತಿಲ್ಲ ಎಂದು ಬೈಯುತ್ತೇವೆ. ದಂಡ ಹಾಕಿದ ಎರಡು ದಿನ ನಿಲ್ಲುತ್ತದೆ, ಮೂರನೆಯ ದಿನ ಮತ್ತೆ ಶುರುವಾಗುತ್ತದೆ, ಯಾಕೆಂದರೆ ದಾರಿಯ ಜೋಡಣೆಯೇ ಅವರನ್ನು ಅಲ್ಲಿಗೆ ದೂಡುತ್ತಿದೆ. ರಾಮ ಮಂದಿರ ವೃತ್ತದಂಥ ಕೂಟಗಳಲ್ಲಿ ಒತ್ತಡ ಹೆಚ್ಚುವುದಕ್ಕೂ ಇದೊಂದು ಕಾರಣ. ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಒಳಗಿಂದೊಳಗೆ ಹೋಗಬಹುದಾದ ಗಾಡಿಗಳೂ ದೊಡ್ಡ ವೃತ್ತಕ್ಕೆ ಬಂದು ಸುತ್ತಿ ಹೋಗುತ್ತವೆ.

ಸಿಟಿ ಬಸ್ಸಿನದೂ ಇದೇ ಗತಿ. ಬಸ್ಸು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡಬೇಕು. ಒಳಗೆ ಹೋಗಿ ರಿವರ್ಸ್ ತೆಗೆದು ಬಂದ ದಾರಿಯಲ್ಲೇ ವಾಪಸ್ ಬರುವ ರೂಟ್ ಯಾವ ಸಾರಿಗೆ ಸಂಸ್ಥೆಗೂ ಗಿಟ್ಟುವುದಿಲ್ಲ. ಬಸ್ಸು ಮುಖ್ಯ ರಸ್ತೆಯಲ್ಲೇ ಓಡುತ್ತದೆ, ಒಳಗಿನವರು ಟಂಟಂ ಆಟೋ ಹುಡುಕುತ್ತಾರೆ. ಸ್ಟಾಪಿನಿಂದ 400 ಮೀಟರ್ ಒಳಗಿದ್ದರೆ ಜನ ನಡೆದು ಬರುತ್ತಾರೆ ಎಂಬುದು ಸಾರಿಗೆ ಯೋಜಕರ ಸಾಮಾನ್ಯ ಅಳತೆ. ಗಾಳಿಯಲ್ಲಿ ಅಳೆದ 400 ಮೀಟರ್ ನಡೆದರೆ ಒಂದು ಕಿಲೋಮೀಟರ್ ಆಗುವ ಕಡೆ ಆ ಅಳತೆ ಉಪಯೋಗಕ್ಕೆ ಬರುವುದಿಲ್ಲ.

ನೆಲದ ಕೆಳಗೆ ನಡೆಯುವುದು ಇನ್ನೂ ಮುಖ್ಯ, ಆದರೆ ಕಣ್ಣಿಗೆ ಬೀಳುವುದಿಲ್ಲ. ನೀರಿನ ಪೈಪು ರಸ್ತೆಯ ಜೊತೆಗೇ ಹೋಗುತ್ತದೆ. ರಸ್ತೆ ಮುಚ್ಚಿದ ಕಡೆ ಪೈಪೂ ಮುಚ್ಚುತ್ತದೆ. ತುದಿ ಮುಚ್ಚಿದ ಪೈಪಿನಲ್ಲಿ ನೀರು ಮುಂದೆ ಹರಿಯದೆ ನಿಲ್ಲುತ್ತದೆ, ಕ್ಲೋರಿನ್ ಇಳಿಯುತ್ತದೆ, ಕೆಸರು ತುದಿಗೆ ಕೂರುತ್ತದೆ. ಭೀಮೆಯಿಂದಲೋ ಬೆಣ್ಣೆತೊರೆಯಿಂದಲೋ ಶುದ್ಧ ಮಾಡಿ ಕಳಿಸಿದ ನೀರು ಕೊನೆಯ ಮನೆಯ ನಲ್ಲಿಯಲ್ಲಿ ಮೊದಲ ಹತ್ತು ನಿಮಿಷ ಕೆಂಪಗೆ ಬಂದರೆ ಅದಕ್ಕೆ ಇದೂ ಒಂದು ಕಾರಣ. ಎಲ್ಲೋ ಪೈಪು ಒಡೆದರೆ ಒಂದೇ ವಾಲ್ವ್ ಮುಚ್ಚಿ ಇಡೀ ಬಡಾವಣೆಗೆ ನೀರು ನಿಲ್ಲಿಸಬೇಕಾಗುತ್ತದೆ. ಎರಡು ಬಡಾವಣೆಯ ಪೈಪು ಕೂಡಿದ್ದರೆ ಇನ್ನೊಂದು ಬದಿಯಿಂದ ನೀರು ಬರುತ್ತದೆ. ನೀರು ಸರಬರಾಜು ಎಂಜಿನಿಯರ್‌ಗಳು ಲೂಪ್, ಅಂದರೆ ಸುತ್ತಿ ಬಂದು ಕೂಡುವ ಪೈಪು, ಬೇಕು ಎನ್ನುವುದು ಇದಕ್ಕೇ.

ಗಟಾರದ್ದು ಇನ್ನೊಂದು ಬಗೆ. ಒಳಚರಂಡಿ ಇಳಿಜಾರಿನಲ್ಲಿ ಹರಿಯಬೇಕು. ಹೊಲದ ಇಳಿಜಾರು ಹಳ್ಳದ ಕಡೆಗಿರುತ್ತದೆ, ಲೇಔಟಿನ ಬಾಗಿಲು ಮುಖ್ಯ ರಸ್ತೆಯ ಕಡೆಗಿರುತ್ತದೆ. ಎಷ್ಟೋ ಕಡೆ ಇವೆರಡೂ ಎದುರುಬದಿರು. ಹಿಂದಿನ ಗೋಡೆ ದಾಟಿ ಹೋಗಲು ದಾರಿ ಇಲ್ಲದಿದ್ದರೆ ಕೊಳಚೆಯನ್ನು ಏರಿನ ಕಡೆ ತರಬೇಕು. ಅದಕ್ಕೆ ಮುಂದೆ ಹೋದಂತೆಲ್ಲ ಪೈಪನ್ನು ಆಳಕ್ಕೆ ಇಳಿಸಬೇಕು, ಇಲ್ಲವೇ ಪಂಪ್ ಕೂರಿಸಬೇಕು. ಎರಡೂ ಮಾಡದಿದ್ದರೆ ಮ್ಯಾನ್‌ಹೋಲ್ ಉಕ್ಕುತ್ತದೆ. ಮಳೆ ನೀರನ್ನು ಒಂದು ದೊಡ್ಡ ಮಳೆಯಾದ ಮರುದಿನ ನೋಡಬೇಕು. ಹಿಂಬದಿಯ ಗೋಡೆಯ ಬುಡದಲ್ಲಿ ನಾಲ್ಕು ಇಂಚಿನ ತೂತು ಬಿಟ್ಟಿರುತ್ತಾರೆ, ಅದಕ್ಕೆ ಪ್ಲಾಸ್ಟಿಕ್ ಚೀಲ, ತೊಗರಿ ಕಟ್ಟಿಗೆ ಸಿಕ್ಕಿಕೊಂಡಿರುತ್ತದೆ. ನೀರು ಗೋಡೆಗೆ ಒರಗಿ ನಿಲ್ಲುತ್ತದೆ. ನಮ್ಮದು ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಅಂಗೈ ಹೋಗುವಷ್ಟು ಬಿರಿಯುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ರಸ್ತೆಯ ಆ ತುದಿ ಕುಸಿದು ಡಾಂಬರು ತಟ್ಟೆಯಂತೆ ಏಳುತ್ತದೆ, ಗೋಡೆ ಆಚೆಗೆ ವಾಲುತ್ತದೆ. ಅದೇ ಜಾಗದಲ್ಲಿ ರಸ್ತೆ ಮುಂದೆ ಹೋಗಿದ್ದರೆ ಅದರ ಬದಿಯ ಗಟಾರ ನೀರನ್ನು ಹಳ್ಳಕ್ಕೆ ಮುಟ್ಟಿಸುತ್ತಿತ್ತು.

ಹಳೆ ಊರಿನ ಓಣಿಗಳು ಇಕ್ಕಟ್ಟು, ಅವುಗಳಿಂದಲೇ ತೊಂದರೆ ಎಂಬ ಮಾತನ್ನು ಬಹಳ ಕೇಳುತ್ತೇವೆ. ಇಕ್ಕಟ್ಟು ನಿಜ. ಆದರೆ ಅವು ಒಂದಕ್ಕೊಂದು ಕೂಡಿವೆ. ಬ್ರಹ್ಮಪುರ, ಶಹಾಬಜಾರ್ ಕಡೆ ಒಂದು ಓಣಿಯಲ್ಲಿ ಮದುವೆ ಪೆಂಡಾಲ್ ಹಾಕಿದರೆ ಪಕ್ಕದ ಓಣಿಯಲ್ಲಿ ಹಾದು ಹೋಗುತ್ತೇವೆ. ಬೀದರಿಗೆ ಹೋದವರು ಚೌಬಾರಾದ ಬುಡದಲ್ಲಿ ಒಂದು ಗಳಿಗೆ ನಿಂತು ನೋಡಲಿ. ಹಳೆ ಊರಿನ ಎರಡು ದೊಡ್ಡ ಬೀದಿಗಳು ಕೂಡುವ ಜಾಗದಲ್ಲಿ ಆ 71 ಅಡಿಯ ದುಂಡು ಗೋಪುರ ನಿಂತಿದೆ. ಅಲ್ಲಿಂದ ಬೀದಿಗಳು ಕೋಟೆಯತ್ತ, ಊರ ಬಾಗಿಲುಗಳತ್ತ ಹೊರಡುತ್ತವೆ. ದಾರಿಯಲ್ಲೇ ಮಹಮೂದ್ ಗವಾನನ 1472ರ ಮದರಸಾ. ಬಹಮನಿಗಳು ಹೋದರು, ಬರೀದ್ ಶಾಹಿಗಳು, ಮೊಘಲರು, ನಿಜಾಮರು ಬಂದು ಹೋದರು, ಮನೆಗಳು ಎಷ್ಟೋ ಸಲ ಬಿದ್ದು ಎದ್ದವು. ಬೀದಿಯ ಗೆರೆ ಮಾತ್ರ ಹೆಚ್ಚುಕಡಿಮೆ ಅಲ್ಲೇ ಇದೆ. ಕಟ್ಟಡಕ್ಕೆ ಐವತ್ತು ಅರವತ್ತು ವರ್ಷದ ಆಯುಷ್ಯ, ಬೀದಿಗೆ ಶತಮಾನಗಳದು. ನಾವು ಇವತ್ತು ಕೋಟನೂರಿನ ಕಡೆಯೋ ತಾಜ್ ಸುಲ್ತಾನಪುರದ ಕಡೆಯೋ ಮುಚ್ಚುವ ಒಂದು ರಸ್ತೆ ಮೊಮ್ಮಕ್ಕಳ ಕಾಲಕ್ಕೂ ಮುಚ್ಚಿಯೇ ಇರುತ್ತದೆ.

ಇದು ನಮ್ಮೂರಿನ ಪಾಡು ಮಾತ್ರವಲ್ಲ. ಬ್ಯಾರಿಂಗ್ಟನ್-ಲೀ ಮತ್ತು ಮಿಲ್ಲರ್ಡ್-ಬಾಲ್ ಎಂಬ ಇಬ್ಬರು ಸಂಶೋಧಕರು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ಆನ್‌ಲೈನ್ ನಕ್ಷೆ ಇಟ್ಟುಕೊಂಡು ಜಗತ್ತಿನ ಬೀದಿಗಳನ್ನೆಲ್ಲ ಅಳೆದು 2020ರಲ್ಲಿ ಪ್ರಕಟಿಸಿದರು. 1975ರಿಂದೀಚೆಗೆ ಹೊಸದಾಗಿ ಕಟ್ಟಿದ ಬೀದಿಗಳು ಜಗತ್ತಿನ ಬಹಳ ಕಡೆ ಮೊದಲಿಗಿಂತ ಕಡಿಮೆ ಕೂಡುತ್ತಿವೆ ಎಂದು ಅದರಲ್ಲಿ ಕಂಡಿತು. ಅಮೆರಿಕದಲ್ಲಿ 1990ರ ದಶಕದ ನಡುವಿನಿಂದ ಈ ಚಾಳಿ ತುಸು ಹಿಂದಕ್ಕೆ ಬಂದಿದೆ. ಅಲ್ಲಿ ಕೆಲವು ನಗರಗಳು ಬಂದ್ ಓಣಿಗೆ ನಿಯಮದಲ್ಲೇ ಮಿತಿ ಹಾಕಿದವು.

ಅಳೆಯುವುದು ಕಷ್ಟದ ಕೆಲಸವಲ್ಲ. ನಿಮ್ಮ ಬಡಾವಣೆಯ ನಕ್ಷೆಯಲ್ಲಿ ರಸ್ತೆಗಳು ಕೂಡುವ ಚುಕ್ಕಿಗಳನ್ನೂ, ರಸ್ತೆ ಮುಗಿಯುವ ತುದಿಗಳನ್ನೂ ಎಣಿಸಿ. ಎರಡು ಚುಕ್ಕಿಗಳ ನಡುವಿನ ರಸ್ತೆಯ ತುಂಡುಗಳನ್ನು ಎಣಿಸಿ. ತುಂಡುಗಳನ್ನು ಚುಕ್ಕಿಗಳಿಂದ ಭಾಗಿಸಿ. ಮೇಲೆ ಹೇಳಿದ 5 ಎಕರೆಯ ಲೇಔಟಿನಲ್ಲಿ ಐದು ಅಡ್ಡ ರಸ್ತೆಗಳಿವೆ ಎಂದುಕೊಳ್ಳೋಣ. ಬಾಗಿಲ ಬಳಿ ಒಂದು ಕೂಟ, ಒಳಗೆ ಐದು ಕೂಟ, ಹತ್ತು ಬಂದ್ ತುದಿ, ಒಟ್ಟು 16 ಚುಕ್ಕಿ. ನಡು ರಸ್ತೆಯ ಐದು ತುಂಡು, ಅಡ್ಡ ರಸ್ತೆಯ ಹತ್ತು ತುಂಡು, ಮುಖ್ಯ ರಸ್ತೆಯ ಒಂದು ತುಂಡು ಸೇರಿ 16. ಭಾಗಿಸಿದರೆ 1. ಇದೇ ಲೇಔಟುಗಳು ಸಾಲಾಗಿದ್ದು ಅಡ್ಡ ರಸ್ತೆಗಳು ಎಡಬಲದ ಲೇಔಟುಗಳಿಗೆ ಕೂಡಿದರೆ ಬಂದ್ ತುದಿ ಹತ್ತೂ ಮಾಯ. ಗಡಿಯಲ್ಲಿ ಎರಡೆರಡು ತುಂಡು ಸೇರಿ ಒಂದಾಗುವುದರಿಂದ ಪ್ರತಿ ಲೇಔಟಿನ ಪಾಲಿಗೆ 6 ಚುಕ್ಕಿ, 11 ತುಂಡು, ಅಂದರೆ 1.83. ಪೂರ್ತಿ ಚೌಕುಳಿ ಊರಿನಲ್ಲಿ ಇದು 2ರ ಹತ್ತಿರ ಹೋಗುತ್ತದೆ. 1.4ಕ್ಕಿಂತ ಕೆಳಗಿದ್ದರೆ ನಡೆಯುವವರಿಗೆ ಕಷ್ಟ ಎಂದು ಯೋಜಕರು ಸಾಮಾನ್ಯವಾಗಿ ಹಿಡಿಯುತ್ತಾರೆ. ಒಂದು ಹೊಸ ರಸ್ತೆಯನ್ನೂ ಹಾಕದೆ, ಒಂದಿಂಚೂ ಅಗಲ ಮಾಡದೆ, ಗೋಡೆಯಿದ್ದ ಕಡೆ ದಾರಿ ಬಿಟ್ಟದ್ದಕ್ಕೇ 1 ಇದ್ದದ್ದು 1.83 ಆಗುತ್ತದೆ.

ಊರು ಹರಡುವುದಕ್ಕೂ ಇದಕ್ಕೂ ನಂಟಿದೆ. ಜನ ಹೆಚ್ಚುವ ವೇಗಕ್ಕಿಂತ ನೆಲ ತಿನ್ನುವ ವೇಗ ಹೆಚ್ಚಾದರೆ ಅದನ್ನು ಹರಡುವಿಕೆ ಎನ್ನುತ್ತಾರೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 11.3.1 ಎಂಬ ಸೂಚಕ ಅಳೆಯುವುದು ಇದನ್ನೇ. ನಮ್ಮಲ್ಲಿ ಪ್ಲಾಟ್ ಎಂದರೆ ಬಂಗಾರದ ಹಾಗೆ ಕೊಂಡು ಇಡುವ ವಸ್ತು. ಲೇಔಟ್ ಆಗಿ ಹತ್ತು ವರ್ಷವಾದರೂ ನಾಲ್ಕು ಮನೆ, ಉಳಿದದ್ದು ಜಾಲಿ ಮುಳ್ಳು. ಒಂದು ಲೇಔಟು, ಎರಡು ಹೊಲ, ಮತ್ತೊಂದು ಲೇಔಟು ಎಂದು ಊರು ಕುಪ್ಪಳಿಸಿ ಬೆಳೆಯುತ್ತದೆ. ನಡುವಿನ ಹೊಲ ಇನ್ನೂ ಹೊಲವೇ ಆಗಿರುವುದರಿಂದ ಗೋಡೆ ಕಟ್ಟುವುದು ಅವತ್ತಿಗೆ ಸರಿಯೆನಿಸುತ್ತದೆ, ದನ ನುಗ್ಗುತ್ತವೆ, ಮಣ್ಣು ಹೊಡೆಯುವವರು ಬರುತ್ತಾರೆ. ನಡುವಿನ ಹೊಲವೂ ಲೇಔಟಾದ ದಿನ ಯಾರೂ ಆ ಗೋಡೆ ತೆಗೆಯುವುದಿಲ್ಲ. ಅಷ್ಟರಲ್ಲಿ ಅದಕ್ಕೆ ಒರಗಿ ಯಾರದೋ ನೀರಿನ ತೊಟ್ಟಿ, ಇನ್ಯಾರದೋ ಕಾರಿನ ಶೆಡ್ ಬಂದಿರುತ್ತದೆ.

ದಾರಿ ಬಿಟ್ಟರೆ ಕಳ್ಳರು ಬರುತ್ತಾರೆ, ಬೇರೆಯವರ ಗಾಡಿ ನಮ್ಮ ಮನೆ ಮುಂದೆ ಓಡಾಡುತ್ತದೆ ಎಂದು ಹೇಳುವವರ ಅಂಜಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಮಕ್ಕಳು ಆಡುವ ಓಣಿಯಲ್ಲಿ ಟಿಪ್ಪರ್ ಓಡಬಾರದು. ಅದಕ್ಕೆ ಉಪಾಯ ಇದೆ. ಎಲ್ಲ ಅಡ್ಡ ರಸ್ತೆಗಳನ್ನೂ ಗಾಡಿಗೆ ತೆರೆಯಬೇಕಿಲ್ಲ. ಐದರಲ್ಲಿ ಎರಡು ಗಾಡಿಗೆ, ಉಳಿದ ಮೂರರ ತುದಿಯಲ್ಲಿ 10 ಅಡಿ ಕಾಲುದಾರಿ. ಆ ಕಾಲುದಾರಿಗೆ ಒಂದು ಮೀಟರಿಗಿಂತ ತುಸು ಹೆಚ್ಚು ಅಂತರದಲ್ಲಿ ಗಟ್ಟಿ ಕಂಬ ನೆಟ್ಟರೆ ಸೈಕಲ್, ವೀಲ್‌ಚೇರ್ ಹೋಗುತ್ತವೆ, ಕಾರು ಹೋಗುವುದಿಲ್ಲ. ಆ ಕಂಬಗಳು ಬೀಗ ಹಾಕಿ ಕಳಚುವಂತಿರಲಿ, ಬೆಂಕಿ ಬಿದ್ದ ದಿನ ಅಗ್ನಿಶಾಮಕ ಗಾಡಿ ನುಗ್ಗಬೇಕು. ಕಾಲುದಾರಿಗೆ ಎರಡೂ ಬದಿಯ ಮನೆಗಳ ಕಿಟಕಿ ಕಾಣುವಂತಿರಬೇಕು, ದೀಪ ಇರಬೇಕು, ನೇರ ಇರಬೇಕು. ಎರಡು ಎತ್ತರದ ಗೋಡೆಗಳ ನಡುವೆ ಸೊಟ್ಟ ಸಂದಿ ಮಾಡಿದರೆ ಅಲ್ಲಿ ಕಸ ಬೀಳುತ್ತದೆ, ಹೆಣ್ಣುಮಕ್ಕಳು ಕಾಲಿಡುವುದಿಲ್ಲ, ಆರು ತಿಂಗಳಿಗೆ ಓಣಿಯವರೇ ಅದನ್ನು ಮುಚ್ಚಿಸುತ್ತಾರೆ.

ಸರಿಪಡಿಸುವ ದಾರಿ ಮಂಜೂರಾತಿಯ ಮೇಜಿನ ಮೇಲೇ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಪ್ರಕಾರ ಜಮೀನು ತುಂಡು ಮಾಡಿ ರಸ್ತೆ ಹಾಕಲು ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕೇ ಬೇಕು. ಒಂದೊಂದು ಹೊಲದ ನಕ್ಷೆ ಬಂದಾಗ ಒಂದೊಂದನ್ನು ನೋಡುವ ಬದಲು ಇಡೀ ಹಳ್ಳಿಯ ಸರ್ವೆ ನಕ್ಷೆಯ ಮೇಲೆ ಮೊದಲೇ ಗೆರೆ ಎಳೆದಿಡಬೇಕು. 400 ಮೀಟರಿಗೊಂದು ಬಸ್ ಹೋಗುವಂಥ ರಸ್ತೆ, ಅದರ ನಡುವೆ 200 ಮೀಟರಿಗೊಂದು 12 ಮೀಟರ್ ಅಗಲದ ರಸ್ತೆ, 100 ಮೀಟರಿಗೆ ಒಂದಾದರೂ ಕಾಲುದಾರಿ. ಯಾರ ಹೊಲ ಯಾವಾಗ ಲೇಔಟಾದರೂ ಆ ಗೆರೆ ಅವರ ನಕ್ಷೆಯಲ್ಲಿ ಹಾದುಹೋಗಲೇಬೇಕು. ಒಬ್ಬರ ಹೊಲಕ್ಕೆ ಹೆಚ್ಚು ರಸ್ತೆ ಬಿದ್ದು ಅನ್ಯಾಯವಾಗುತ್ತದೆ ಎಂಬ ದೂರು ಬರುತ್ತದೆ, ಅದು ನ್ಯಾಯವಾದ ದೂರೇ. ಗುಜರಾತಿನವರು ಅದಕ್ಕೆ ಟೌನ್ ಪ್ಲಾನಿಂಗ್ ಸ್ಕೀಮ್ ಬಳಸುತ್ತಾರೆ. ಎಲ್ಲರ ಹೊಲ ಒಟ್ಟುಗೂಡಿಸಿ, ಎಲ್ಲರಿಂದಲೂ ಒಂದೇ ಪಾಲು ತೆಗೆದು ರಸ್ತೆ, ಪಾರ್ಕು ಬಿಟ್ಟು, ಉಳಿದದ್ದನ್ನು ಅಚ್ಚುಕಟ್ಟಾದ ತುಂಡು ಮಾಡಿ ಅವರವರಿಗೇ ಹಿಂದಿರುಗಿಸುತ್ತಾರೆ. 2001ರ ಭೂಕಂಪದ ನಂತರ ಭುಜ್ ನಗರದ ಹಳೆ ಭಾಗವನ್ನೇ ಇಂಥ ಸ್ಕೀಮಿನಿಂದ ಹೊಸದಾಗಿ ಜೋಡಿಸಿದರು. ನಮ್ಮ 1961ರ ಕಾಯ್ದೆಯಲ್ಲೂ ಇಂಥ ಸ್ಕೀಮಿಗೆ ಒಂದು ಅಧ್ಯಾಯವೇ ಇದೆ. ಯಾದಗಿರಿಯಂಥ ಊರಿಗೆ ಇದು ಇನ್ನೂ ಸುಲಭ. 2009ರ ಕೊನೆಗೆ ಜಿಲ್ಲಾ ಕೇಂದ್ರವಾದ ಊರು ಅದು, ಬೆಳೆಯಬೇಕಾದದ್ದು ಇನ್ನೂ ಬಹಳ ಇದೆ. ಹೊಲ ಹೊಲವಾಗಿರುವಾಗಲೇ ಗೆರೆ ಎಳೆದರೆ ಮನೆ ಒಡೆಯುವ ಪ್ರಮೇಯ ಬರುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ಎಲ್ಲ ಕೆಡುವುದು ಇಲ್ಲೇ. ಲೇಔಟಿನ ರಸ್ತೆ, ಪಾರ್ಕುಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಡುವ ಪತ್ರದಲ್ಲಿ ರಸ್ತೆ ಸರ್ವೆ ನಂಬರಿನ ಗಡಿ ಗೆರೆತನಕ ಎಂದು ಬರೆದಿರಬೇಕು, ಅಳತೆ ಹಾಕಿರಬೇಕು. ರಸ್ತೆಯ ತುದಿಗೂ ಗಡಿಗೂ ನಡುವೆ ಒಂದೇ ಒಂದು ಅಡಿ ಪಟ್ಟಿ ಖಾಸಗಿ ಹೆಸರಿನಲ್ಲಿ ಉಳಿದರೂ ಪಕ್ಕದವರ ರಸ್ತೆ ಕೂಡಲಾರದು. ಆ ಒಂದು ಅಡಿಗೆ ಆಮೇಲೆ ಕೋರ್ಟಿನಲ್ಲಿ ವರ್ಷಗಟ್ಟಲೆ ಓಡಾಡಬೇಕಾಗುತ್ತದೆ.

ಪ್ಲಾಟ್ ಕೊಳ್ಳುವವರು ಎನ್‌ಎ ಆಗಿದೆಯೇ, ಖಾತಾ ಇದೆಯೇ, ಸಾಲ ಸಿಗುತ್ತದೆಯೇ ಎಂದು ಕೇಳುತ್ತಾರೆ. ಅದರ ಜೊತೆಗೆ ಮಂಜೂರಾದ ನಕ್ಷೆಯ ಪ್ರತಿ ತೆಗೆದುಕೊಂಡು ಪ್ರತಿ ರಸ್ತೆಯ ತುದಿಯಲ್ಲಿ ಏನಿದೆ ಎಂದು ಕೇಳಿ. ನಕ್ಷೆಯಲ್ಲಿ ಗಡಿತನಕ ರಸ್ತೆ ತೋರಿಸಿ ಸ್ಥಳದಲ್ಲಿ ಗೋಡೆ ಇದ್ದರೆ ಆ ಗೋಡೆ ರಸ್ತೆಯ ಮೇಲಿದೆ ಎಂದು ಅರ್ಥ, ಅದನ್ನು ತೆಗೆಸಿ ಎಂದು ಕೇಳುವ ಹಕ್ಕು ನಿಮಗಿದೆ. ಆಮೇಲೆ ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರ್ ನೋಡಿ, ಭೂದಾಖಲೆ ಇಲಾಖೆಯ ವೆಬ್‌ಸೈಟಿನಿಂದ ಆ ಗ್ರಾಮದ ನಕ್ಷೆ ಇಳಿಸಿಕೊಳ್ಳಿ. ಅದರಲ್ಲಿ ಹೊಲಗಳ ನಡುವೆ ಬಂಡಿ ದಾರಿಯ ಗುರುತು ಇರುತ್ತದೆ, ಒಂದು ಹಳ್ಳಿಯ ಅಗಸಿಯಿಂದ ಇನ್ನೊಂದು ಹಳ್ಳಿಗೆ ಹೋಗುವ ದಾರಿಗಳವು. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಸಾರ್ವಜನಿಕ ದಾರಿಗಳು ಸರ್ಕಾರದ ಸ್ವತ್ತು, ಪಕ್ಕದ ಹೊಲದ ಮಾಲೀಕರು ಅದನ್ನು ಪ್ಲಾಟಿಗೆ ಸೇರಿಸಿಕೊಳ್ಳುವಂತಿಲ್ಲ. ಆ ದಾರಿ ನಿಮ್ಮ ಲೇಔಟಿನ ಹಿಂದಿನ ಗೋಡೆಯ ಬಳಿ ಕಳೆದುಹೋಗಿದ್ದರೆ ಗ್ರಾಮ ನಕ್ಷೆ, ಮಂಜೂರಾದ ಲೇಔಟ್ ನಕ್ಷೆ ಎರಡರ ಪ್ರತಿಯನ್ನೂ ಲಗತ್ತಿಸಿ ತಹಶೀಲ್ದಾರರಿಗೂ ಪ್ರಾಧಿಕಾರಕ್ಕೂ ಅರ್ಜಿ ಕೊಡಿ, ಸರ್ವೇಯರ್ ಬಂದು ಅಳತೆ ಮಾಡಿ ಕಲ್ಲು ನೆಡಲಿ ಎಂದು ಬರೆಯಿರಿ. ಓಣಿಯ ಹತ್ತು ಮನೆಯವರ ಸಹಿ ಇರಲಿ. ಗೋಡೆಯಾಚೆಯ ಓಣಿಯವರ ಸಹಿಯನ್ನೂ ಹಾಕಿಸಿ, ಅವರೂ ಅದೇ 550 ಮೀಟರ್ ಸುತ್ತುತ್ತಿದ್ದಾರೆ.